22 ಜನರ ವರ್ಕ್‌ಶಾಪ್: ಸಂಬಳ ಏರಿಸಲಾ, ಪೀಸ್ ಮೇಲೆ ಇನ್ಸೆಂಟಿವ್ ಇಡಲಾ?

ಹುಡುಗರಲ್ಲಿ ಹುರುಪಿಲ್ಲ, ಇನ್ಸೆಂಟಿವ್ ಇಟ್ಟರೆ ಸರಿಹೋಗತ್ತಾ ಅಂತ ಕೇಳಿದ್ದೀರಿ. 2014ರಲ್ಲಿ ಪೀಣ್ಯದಲ್ಲಿ ನಾನೂ ಇದನ್ನೇ ತಲೆಯಲ್ಲಿ ಇಟ್ಕೊಂಡು ಓಡಾಡ್ತಿದ್ದೆ.

ನಾಲ್ಕು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸೋ ಕಡೆಯುವ ಮಷಿನ್), ಬೇರೆ ಕಂಪನಿಗಳಿಗೆ ಬುಷ್ ಅಂದರೆ ಕೊಳವೆಯಂಥ ಲೋಹದ ಬಿಡಿಭಾಗ ಕಡೆದು ಕೊಡೋ ಜಾಬ್ ವರ್ಕ್. ಒಂದೊಂದು ಮಷಿನ್ನಿಂದ ಶಿಫ್ಟಿಗೆ 180 ಪೀಸ್ ಬರ್ತಿತ್ತು. ಅದರ ಮೇಲೆ ಪ್ರತಿ ಪೀಸಿಗೆ 3 ರೂಪಾಯಿ ಅಂದೆ. ಹಾವೇರಿ ಕಡೆಯ ಒಬ್ಬ ಹುಡುಗ ಎರಡೇ ವಾರದಲ್ಲಿ 240 ಮುಟ್ಟಿದ. ಮಷಿನ್ ಓಡುವಾಗಲೇ ಮುಂದಿನ ಪೀಸ್ ಒರೆಸಿ ಕೈಯಲ್ಲಿ ಹಿಡಿದು ನಿಂತಿರ್ತಿದ್ದ. ಮುಂದಿನ ತಿಂಗಳು ಸಂಬಳದ ಜೊತೆ ಅವನಿಗೆ 4,500 ಬಂತು.

ಆ 4,500 ನನ್ನ ಕಣ್ಣು ಕುಕ್ಕಿತು. 240 ಆಗತ್ತೆ ಅಂದಮೇಲೆ 180 ತೀರಾ ಕಡಿಮೆ ಇಟ್ಟೆ ಅನ್ನಿಸಿ, ಮೂರನೇ ತಿಂಗಳು ಟಾರ್ಗೆಟ್ 220 ಮಾಡಿದೆ. ತಪ್ಪಾಗಿದ್ದು ಇಲ್ಲೇ. ಲೆಕ್ಕ ನೋಡಿ: ಒಂದು ಪೀಸಿಗೆ ಆರ್ಡರ್ ಕೊಟ್ಟ ಪಾರ್ಟಿ ಕೊಡ್ತಿದ್ದದ್ದು 14 ರೂಪಾಯಿ. ಕರೆಂಟು, ಲೋಹ ಕತ್ತರಿಸೋ ಟಿಪ್ಪು, ತಂಪು ಮಾಡೋ ಕೂಲೆಂಟ್, ಅವನ 3 ರೂಪಾಯಿ ಎಲ್ಲ ಕಳೆದರೂ ಹೆಚ್ಚುವರಿ ಪೀಸ್ ಒಂದಕ್ಕೆ ನನಗೆ 6 ರೂಪಾಯಿ ಉಳೀತಿತ್ತು. ಅವನಿಗೆ 4,500 ಹೋದ ತಿಂಗಳು ಅವನ ಮಷಿನ್ನಿಂದಲೇ ನನಗೆ 9,000 ಬಂದಿತ್ತು. ಹೋದದ್ದು ಕಂಡಿತು, ಬಂದದ್ದು ಕಾಣಲಿಲ್ಲ.

ಆಮೇಲೆ ನಾಲ್ಕೂ ಮಷಿನ್ನಲ್ಲಿ ದಿನಾ 221, 222. ಅದಕ್ಕಿಂತ ಒಂದೂ ಮೇಲಿಲ್ಲ. ಒಂದಿನ ಅಳತೆಯ ಗೇಜ್ ಹುಡುಕ್ತಾ ಆ ಹಾವೇರಿ ಹುಡುಗನ ಟೂಲ್ ಡ್ರಾಯರ್ ಎಳೆದರೆ, ಪೇಪರ್‌ನಲ್ಲಿ ಸುತ್ತಿ ಎಣ್ಣೆ ಸವರಿ ಇಟ್ಟ ಮೂವತ್ತು ರೆಡಿ ಬುಷ್. ಕರೆದು ಕೇಳಿದೆ. "ಇವತ್ತ ಇವನ್ನ ತೋರ್ಸಿದ್ರ ನಾಳೆ ಟಾರ್ಗೆಟ್ 250 ಆಗ್ತೈತ್ರೀ ಸರ್" ಅಂದ. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. ಎರಡು ತಿಂಗಳಿಗೆ ಕೆಲಸ ಬಿಟ್ಟ. ಮಷಿನ್ ಸೆಟ್ಟಿಂಗ್ ಅವನಷ್ಟು ಚೆನ್ನಾಗಿ ಬರ್ತಿದ್ದವರು ಬೇರೆ ಯಾರೂ ಇರಲಿಲ್ಲ. ರಿಜೆಕ್ಷನ್ ಏರಿತು, ಆ ಪಾರ್ಟಿ ಆರ್ಡರ್ರೇ ನಿಲ್ಲಿಸಿದರು.

ಹಾಗಾಗಿ ನಿಮ್ಮ ಹುಡುಗರಲ್ಲಿ ಹುರುಪಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. ನಿಮ್ಮ ಮಾತು ಎಷ್ಟು ದಿನ ನಿಲ್ಲತ್ತೆ ಅಂತ ಅವರು ನೋಡ್ತಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವೆಲ್ಡಿಂಗ್ ಮಷಿನ್ ತಯಾರಿಸುವ ಲಿಂಕನ್ ಎಲೆಕ್ಟ್ರಿಕ್ ದಶಕಗಳ ಕಾಲ ಪೀಸ್ ರೇಟ್ (ಮಾಡಿದ ಪೀಸ್ ಲೆಕ್ಕದಲ್ಲಿ ಕೂಲಿ) ನಡೆಸಿದ್ದು ಒಂದು ಕಟ್ಟುಪಾಡಿನ ಮೇಲೆ: ಕೆಲಸದ ವಿಧಾನ ಬದಲಾದರೆ ಮಾತ್ರ ರೇಟ್ ಬದಲು, ಒಬ್ಬ ಜಾಸ್ತಿ ದುಡಿದ ಅಂತ ಇಳಿಸೋ ಹಾಗಿಲ್ಲ. ನಾನದನ್ನ ಓದಿದ್ದು ಆ ಹುಡುಗ ಹೋದಮೇಲೆ.

ಆಯುಧಪೂಜೆ ಬೋನಸ್ಸನ್ನೂ ಇನ್ಸೆಂಟಿವ್ ಲೆಕ್ಕಕ್ಕೆ ಸೇರಿಸಿದ್ದೀರಿ, ಅದು ಬೇಡ. 20 ಅಥವಾ ಹೆಚ್ಚು ಜನ ಇರೋ ಕಡೆ ಅರ್ಹರಿಗೆ ಕನಿಷ್ಠ ಶೇ. 8.33 ಬೋನಸ್ ಕಾನೂನು ಪ್ರಕಾರ ಕೊಡಲೇಬೇಕಾದ್ದು. ಅದು ಅವರ ಹಕ್ಕು.

ಈಗ ನಮ್ಮಲ್ಲಿ ಹಾಜರಿ ಪಂಚಿಂಗ್ ಮಷಿನ್ ಪಕ್ಕ ಒಂದು ಬೋರ್ಡ್ ಇದೆ, ಕನ್ನಡದಲ್ಲೂ ಹಿಂದಿಯಲ್ಲೂ. ರೇಟು, ತಾರೀಕು, ಕೆಳಗೆ ನನ್ನ ಸಹಿ. ಹೊಸ ಮಷಿನ್ ಅಥವಾ ಹೊಸ ಫಿಕ್ಸ್ಚರ್ (ಪೀಸ್ ಹಿಡಿಯೋ ಸಾಧನ) ಬಂದರೆ ಮಾತ್ರ ಅಳಿಸ್ತೀವಿ. ಇನ್‌ಸ್ಪೆಕ್ಷನ್‌ನಲ್ಲಿ ಪಾಸಾದ ಪೀಸಿಗಷ್ಟೇ ದುಡ್ಡು, ಹೆಲ್ಪರ್‌ಗೂ ಪಾಲಿದೆ. ಅಂಥ ಬೋರ್ಡಿಗೆ ಸಹಿ ಹಾಕೋಕೆ ನಿಮಗೆ ಧೈರ್ಯ ಬರದಿದ್ದರೆ ಇನ್ಸೆಂಟಿವ್ ಶುರುವೇ ಮಾಡಬೇಡಿ, ಆ ದುಡ್ಡನ್ನ ಬರೋ ತಿಂಗಳಿಂದ ಸಂಬಳಕ್ಕೇ ಸೇರಿಸಿ.