ಡ್ರೆಸಾಜ್ ಅಂದರೆ ಕುದುರೆಗೆ ಹಿಂಸೆಯಾ? ಸ್ವಂತ ಕುದುರೆ ಸಾಕಿದರೆ ದಿನ ಹೇಗಿರುತ್ತದೆ?

ನೀವು ಎರಡು ವರ್ಷದಿಂದ ಸವಾರಿ ಕಲಿಯುತ್ತಿದ್ದೀರಿ. ಸ್ವಂತ ಕುದುರೆ ಕೊಂಡು ಡ್ರೆಸಾಜ್, ಅಂದರೆ ಸವಾರರ ಸಣ್ಣ ಸೂಚನೆಗೂ ಕುದುರೆ ಅಚ್ಚುಕಟ್ಟಾಗಿ ಹೆಜ್ಜೆ ಹಾಕುವ ಸವಾರಿ ಆಟ, ಮಾಡುವ ಆಸೆ ಇದೆ. ಆದರೆ ಕುದುರೆಗೆ ಹೊಡೆಯುವ ವಿಡಿಯೋಗಳನ್ನು ನೋಡಿ ಮನಸ್ಸು ಹಿಂದೆ ಸರಿಯುತ್ತಿದೆ ಅಂತ ಬರೆದಿದ್ದೀರಿ. ಕೊಳ್ಳಲು ನೋಡಿರುವ ಕುದುರೆ ಜೀನು ಬಿಗಿಯುವಾಗ ಹಲ್ಲು ಕಡಿಯುತ್ತದೆ, ಮಾರುವವರು 'ಅದರ ಸ್ವಭಾವವೇ ಹಾಗೆ' ಅಂದರು ಅಂತಲೂ ಹೇಳಿದ್ದೀರಿ. ಆ ಮಾತು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ.

ನಾನು 11 ವರ್ಷದಿಂದ ಕುದುರೆ ಸಾಕುತ್ತಿದ್ದೇನೆ. ಈಗ ಎರಡಿವೆ. ಚುಕ್ಕಿ ಅಂತ ಒಂದು ಹೆಣ್ಣು ಕುದುರೆ, ಅವಳಿಗೆ ಜೊತೆಯಿರಲಿ ಅಂತ ತಂದ ಒಂದು ಮುದಿ ಗಂಡು ಕುದುರೆ. ಚುಕ್ಕಿಯ ಜೊತೆ ಕೆಳಹಂತದ ಡ್ರೆಸಾಜ್ ಸ್ಪರ್ಧೆಗಳಿಗೆ ಹೋಗಿದ್ದೇನೆ. ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮೊದಲನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ.

ಬೆಳಿಗ್ಗೆ ಐದೂವರೆಗೆ ಲಾಯಕ್ಕೆ ಹೋದಾಗ ನಾನು ಮೊದಲು ನೋಡುವುದು ಲದ್ದಿಯನ್ನು. ರಾತ್ರಿ ಎಷ್ಟು ಬಿದ್ದಿದೆ, ಉಂಡೆ ಉಂಡೆಯಾಗಿದೆಯಾ, ತೀರಾ ಒಣಗಿದೆಯಾ. ಆಮೇಲೆ ನೀರು ಎಷ್ಟು ಇಳಿದಿದೆ, ಹುಲ್ಲು ಎಷ್ಟು ಉಳಿದಿದೆ ಅಂತ ನೋಡುತ್ತೇನೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಕರುಳು ಉದ್ದ, ತಿರುವುಗಳು ಜಾಸ್ತಿ. ನಮಗೆ ಒಂದು ಮಾತ್ರೆಯಲ್ಲಿ ಹೋಗುವ ಹೊಟ್ಟೆನೋವು ಕುದುರೆಯ ಜೀವ ತೆಗೆಯಬಹುದು. ಲದ್ದಿ ಹಾಕಿಲ್ಲ, ಮೇವು ಮುಟ್ಟಿಲ್ಲ, ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದೆ, ಕಾಲಿನಿಂದ ನೆಲ ಕೆರೆಯುತ್ತಿದೆ, ಮತ್ತೆ ಮತ್ತೆ ಮಲಗಿ ಹೊರಳುತ್ತಿದೆ ಅಂದರೆ ಕಾಯುತ್ತಾ ಕೂರಬಾರದು. ಆ ಕ್ಷಣವೇ ಪಶುವೈದ್ಯರಿಗೆ ಫೋನ್ ಮಾಡಬೇಕು. ಸುಮ್ಮನೆ ನಿಂತಾಗ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44ರ ಒಳಗೆ ಇರುತ್ತದೆ. ನಿಮ್ಮ ಕುದುರೆ ಆರೋಗ್ಯವಾಗಿದ್ದಾಗಲೇ ಅದರ ಬಡಿತ ಎಷ್ಟು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ನಡುರಾತ್ರಿ ಫೋನಿನಲ್ಲಿ ವೈದ್ಯರು ಮೊದಲು ಕೇಳುವ ವಿಷಯಗಳಲ್ಲಿ ಅದೂ ಒಂದು.

ಆಮೇಲೆ ಹುಲ್ಲು. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ತುಂಬಾ ಚಿಕ್ಕದು. ಆಮ್ಲ ಮಾತ್ರ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ಹೊಟ್ಟೆ ಖಾಲಿ ಇದ್ದರೂ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಬಯಲಲ್ಲಿ ಬಿಟ್ಟರೆ ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರುವ ಪ್ರಾಣಿ ಇದು. ಅದಕ್ಕೆ ಎರಡು ಹೊತ್ತು ಕಾಳು ತಿನ್ನಿಸಿ, ನಡುವೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. 500 ಕೆಜಿ ತೂಕದ ಕುದುರೆಗೆ ದಿನಕ್ಕೆ 8ರಿಂದ 10 ಕೆಜಿ ಒಣಹುಲ್ಲು ಬೇಕು. ಅದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿಟ್ಟರೆ ನಿಧಾನವಾಗಿ, ಜಾಸ್ತಿ ಹೊತ್ತು ತಿನ್ನುತ್ತದೆ. ಸವಾರಿಗೆ ಮೊದಲು ಕೂಡ ನಾನು ಎರಡು ಹಿಡಿ ಹುಲ್ಲು ಕೊಡುತ್ತೇನೆ. ಹೊಟ್ಟೆಯಲ್ಲಿ ಹುಲ್ಲಿದ್ದರೆ ಓಡುವಾಗ ಆಮ್ಲ ಮೇಲಕ್ಕೆ ಎರಚುವುದಿಲ್ಲ.

ಉಳಿದದ್ದು ಬರೀ ದುಡಿಮೆ. ಒಂದು ಕುದುರೆ ದಿನಕ್ಕೆ ಹೆಚ್ಚುಕಡಿಮೆ 20 ಕೆಜಿ ಲದ್ದಿ ಹಾಕುತ್ತದೆ, ಅಷ್ಟನ್ನೂ ನೀವೇ ಎತ್ತಬೇಕು. ನಾಲ್ಕೂ ಗೊರಸು ಎತ್ತಿ ಕೆರೆದು ಸ್ವಚ್ಛ ಮಾಡಬೇಕು. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹಾಕುವವರು ಬರಬೇಕು. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಬೇಕು. ಕುದುರೆಯ ಹಲ್ಲು ಬೆಳೆಯುತ್ತಾ, ಸವೆಯುತ್ತಾ ಇರುತ್ತದೆ, ಸಮನಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತದೆ. ಇದೆಲ್ಲ ಆದಮೇಲೆ ಸವಾರಿ. ಅದು ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆ ಬಿಟ್ಟರೆ ಉಳಿದ 23 ಗಂಟೆ ಕುದುರೆ ಎಲ್ಲಿರುತ್ತದೆ ಅಂತ ನೋಡಿದರೆ ಅದರ ಬದುಕು ಗೊತ್ತಾಗುತ್ತದೆ. ಸ್ಪರ್ಧೆಯ ಕುದುರೆಗಳು ಬೆಲೆ ಬಾಳುತ್ತವೆ. ಬಯಲಿಗೆ ಬಿಟ್ಟರೆ ಇನ್ನೊಂದು ಕುದುರೆ ಒದ್ದೀತು, ಕಾಲು ಉಳುಕೀತು ಅಂತ ಭಯ. ಹಾಗಾಗಿ ಎಷ್ಟೋ ಕಡೆ ಅವು ಒಂಟಿಯಾಗಿ ಕೋಣೆಯೊಳಗೇ ದಿನ ಕಳೆಯುತ್ತವೆ. ಗುಂಪಿನಲ್ಲಿ ಬಾಳುವ ಪ್ರಾಣಿ ಅದು. ಇನ್ನೊಂದರ ಕತ್ತು ಕಚ್ಚಿ ಕೆರೆಯಬೇಕು, ಒಂದು ಮಲಗಿದಾಗ ಇನ್ನೊಂದು ಕಾವಲು ನಿಲ್ಲಬೇಕು. ಒಂಟಿ ಕೂಡಿಟ್ಟ ಕುದುರೆ ಬಾಗಿಲ ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿದು ಗಾಳಿ ಎಳೆಯುತ್ತದೆ, ನಿಂತಲ್ಲೇ ಅತ್ತಿತ್ತ ತೂಗುತ್ತದೆ. ಹೊಡೆಯುವ ವಿಡಿಯೋ ಎಲ್ಲರ ಕಣ್ಣಿಗೆ ಬೀಳುತ್ತದೆ. ದಿನವಿಡೀ ಗೋಡೆ ನೋಡುತ್ತಾ ನಿಂತ ಕುದುರೆಯ ವಿಡಿಯೋ ಯಾರೂ ಮಾಡುವುದಿಲ್ಲ. ಅದೇ ದೊಡ್ಡ ಹಿಂಸೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ಡ್ರೆಸಾಜ್. ಕುದುರೆಯ ಬೆನ್ನು ಮನುಷ್ಯನನ್ನು ಹೊರಲು ಆಗಿದ್ದಲ್ಲ. ನಿಧಾನವಾಗಿ, ವರ್ಷಗಟ್ಟಲೆ ಕಲಿಸಿ, ಹಿಂಗಾಲುಗಳ ಮೇಲೆ ಜಾಸ್ತಿ ಭಾರ ಹಾಕಿ ಹಗುರವಾಗಿ ನಡೆಯುವಂತೆ ಮೈ ಗಟ್ಟಿ ಮಾಡುವುದೇ ಇದರ ಮೂಲ ಉದ್ದೇಶ. ಹಾಗೆ ಮಾಡಿದರೆ ಕುದುರೆಗೆ ಒಳ್ಳೆಯದೇ. ಸವಾರಳ ಉಸಿರು ಬದಲಾದರೆ ಸಾಕು, ಕುದುರೆ ಹೆಜ್ಜೆ ಬದಲಿಸುತ್ತದೆ. ಆ ಸುಖ ಒಮ್ಮೆ ಸಿಕ್ಕಿದರೆ ಮರೆಯಲು ಆಗುವುದಿಲ್ಲ.

ಕೆಟ್ಟದ್ದು ಆಗುವುದು ಅವಸರದಲ್ಲಿ. ಐದು ವರ್ಷದ ಕೆಲಸವನ್ನು ಎರಡು ವರ್ಷದಲ್ಲಿ ಮುಗಿಸಲು ಹೋದಾಗ ಲಗಾಮು ಎಳೆದು ಕತ್ತು ಬಗ್ಗಿಸುತ್ತಾರೆ. ಗಲ್ಲ ಎದೆಗೆ ತಾಗುವಷ್ಟು ಕತ್ತು ಮಡಿಸಿ ಓಡಿಸುವುದಕ್ಕೆ ರೋಲ್‌ಕೂರ್ ಅಂತ ಹೆಸರು. 2009ರಲ್ಲಿ ಹಾಗೆ ಓಡುತ್ತಿದ್ದ ಒಂದು ಕುದುರೆಯ ನಾಲಿಗೆ ನೀಲಿಯಾಗಿ ಹೊರಗೆ ಜೋತಾಡಿದ ವಿಡಿಯೋ ಬಂತು, ಜನ ಸಿಟ್ಟಿಗೆದ್ದರು. ಮರುವರ್ಷ, 2010ರ ಫೆಬ್ರವರಿಯಲ್ಲಿ, ಕುದುರೆ ಸವಾರಿ ಆಟಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ಸಭೆ ಕರೆದು, ಬಲವಂತದಿಂದ ಕತ್ತು ಮಡಿಸುವುದನ್ನು ಒಪ್ಪಲಾಗದು ಅಂತ ಹೇಳಿತು. ಕುದುರೆಯ ಮೂಗು ಹಣೆಯಿಂದ ನೆಲಕ್ಕೆ ನೇರ ಇಳಿಬಿಟ್ಟ ಗೆರೆಗಿಂತ ಸ್ವಲ್ಪ ಮುಂದಿರಬೇಕು ಅಂತ ಅವರ ನಿಯಮವೇ ಹೇಳುತ್ತದೆ. ಆದರೂ ಮೂಗು ಹಿಂದೆ ಸರಿದ ಕುದುರೆಗೆ ಒಳ್ಳೆಯ ಅಂಕ ಬೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಕ ಕೊಡುವವರು ಬದಲಾಗದೆ ಸವಾರರು ಬದಲಾಗುವುದಿಲ್ಲ.

ನೀವು ನೋಡಿದ್ದು ಬಹುಶಃ 2024ರಲ್ಲಿ ಹೊರಬಂದ ವಿಡಿಯೋ. ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್, ಪಾಠ ಹೇಳಿಕೊಡುವಾಗ ಕುದುರೆಯ ಕಾಲಿಗೆ ಉದ್ದ ಚಾಟಿಯಿಂದ ಮತ್ತೆ ಮತ್ತೆ ಹೊಡೆದದ್ದು ಬಯಲಾಯಿತು. ಆಕೆ ಪ್ಯಾರಿಸ್ ಒಲಿಂಪಿಕ್ಸಿನಿಂದ ಹಿಂದೆ ಸರಿದರು, ಎಫ್‌ಇಐ ಒಂದು ವರ್ಷ ಅಮಾನತು ಮಾಡಿತು. ಆ ಸುದ್ದಿ ಕೇಳಿ ನಾನು ಅತ್ತಿದ್ದೇನೆ. ಅವರ ಸವಾರಿ ನೋಡಿಯೇ ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದು.

ಆದರೆ ಬೇರೆಯವರ ಮಾತು ಆಡುವ ಮೊದಲು ನನ್ನದೇ ಹೇಳಬೇಕು. ಚುಕ್ಕಿ ಬಂದಾಗ ಅವಳಿಗೆ ಏಳು ವರ್ಷ. ಸ್ವಲ್ಪ ದಿನದಲ್ಲೇ ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಗಾಳಿಯನ್ನು ಕಚ್ಚಲು ಶುರು ಮಾಡಿದಳು. ಸವಾರಿಯಲ್ಲಿ ಬಾಲ ಝಾಡಿಸುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು. ನನ್ನ ಆಗಿನ ತರಬೇತುದಾರರು 'ಹಠ ಅಷ್ಟೇ, ಮೂಗಿನ ಪಟ್ಟಿ ಇನ್ನೊಂದು ತೂತು ಬಿಗಿ ಮಾಡಿ' ಅಂದರು. ಮಾಡಿದೆ. ಬಾಯಿ ಮುಚ್ಚಿತು. ಸ್ಪರ್ಧೆಯಲ್ಲಿ ಅಂಕ ಏರಿತು. ನಾಲ್ಕು ತಿಂಗಳು ನಾನು ಖುಷಿಯಾಗಿದ್ದೆ.

ಆಮೇಲೆ ಅವಳು ತೂಕ ಇಳಿದಳು ಅಂತ ಬೇರೊಬ್ಬ ವೈದ್ಯೆಯನ್ನು ಕರೆಸಿದೆ. ಕ್ಯಾಮೆರಾ ಇಳಿಸಿ ಹೊಟ್ಟೆ ನೋಡಿದರು. ಹುಣ್ಣುಗಳಿದ್ದವು. ಜೀನು ಕೂಡ ಅವಳಿಗೆ ಇಕ್ಕಟ್ಟಾಗಿ, ಹೆಗಲ ಹಿಂದೆ ಎರಡೂ ಕಡೆ ಒತ್ತುತ್ತಿತ್ತು. ಅವಳು ಬಾಯಿ ತೆರೆದು ಹೇಳುತ್ತಿದ್ದಳು, ನಾನು ಪಟ್ಟಿ ಕಟ್ಟಿ ಮುಚ್ಚಿಸಿದ್ದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಮೂರು ತಿಂಗಳು ಅವಳ ಬೆನ್ನು ಹತ್ತಲಿಲ್ಲ. ಔಷಧಿ, ಹೊತ್ತೂ ಹೊತ್ತೂ ಹುಲ್ಲು, ದಿನವಿಡೀ ಬಯಲು. ಆ ಮುದಿ ಗಂಡು ಕುದುರೆ ಬಂದದ್ದೂ ಆಗಲೇ. ಹೊಸ ಜೀನು ಹಾಕಿ ಮೊದಲ ಸಲ ಕೂತ ದಿನ ಅವಳ ಬಾಲ ಸುಮ್ಮನಿತ್ತು. ಮೂಗಿನ ಪಟ್ಟಿ ಸಡಿಲವಾಗಿತ್ತು, ಬಾಯಿ ತಾನಾಗಿಯೇ ಮುಚ್ಚಿತ್ತು.

ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು ಅನ್ನುವುದು ಹಳೆಯ ನಿಯಮ. ಆದರೆ ಕೆನ್ನೆಯ ಮೆತ್ತಗಿನ ಕಡೆ ಬೆರಳು ತೂರಿಸಿ 'ಹೋಗುತ್ತೆ' ಅನ್ನುವವರೇ ಜಾಸ್ತಿ. ನೋಡಬೇಕಾದದ್ದು ಮೂಗಿನ ಮೂಳೆಯ ಮೇಲೆ. 2025ರಲ್ಲಿ ಎಫ್‌ಇಐ ಇದಕ್ಕೇ ಒಂದು ಅಳತೆಯ ಸಾಧನ ತಂದಿದೆ. ಮೂಳೆಗೂ ಪಟ್ಟಿಗೂ ನಡುವೆ ಒಂದೂವರೆ ಸೆಂಟಿಮೀಟರ್ ಜಾಗ ಇರಬೇಕು. ಒಳ್ಳೆಯ ಹೆಜ್ಜೆ, ಆದರೆ ತಡವಾಯಿತು.

ಇನ್ನೊಂದು ವಿಷಯ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನ ಕುದುರೆ ವೈದ್ಯೆ ಸೂ ಡೈಸನ್ ಮತ್ತು ಜೊತೆಯವರು, ಸವಾರಿಯ ವೇಳೆ ನೋವನ್ನು ತೋರಿಸುವ 24 ನಡವಳಿಕೆಗಳನ್ನು ಗುರುತಿಸಿದ್ದಾರೆ. ಕಿವಿ ಹಿಂದಕ್ಕೆ ಒತ್ತಿ ಹಿಡಿಯುವುದು, ಬಾಯಿ ತೆರೆದೇ ಇರುವುದು, ಬಾಲ ಝಾಡಿಸುವುದು, ತಲೆ ಓರೆ ಮಾಡುವುದು, ಕಣ್ಣು ನೆಟ್ಟು ನೋಡುವುದು, ಎಡವುವುದು, ಹೀಗೆ. ಎಂಟು ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯು, ಕೀಲಿನಲ್ಲಿ ನೋವಿರುವ ಸಾಧ್ಯತೆ ಜಾಸ್ತಿ. ನಿಮ್ಮ ಸವಾರಿಯನ್ನು ಯಾರಿಂದಲಾದರೂ ಹತ್ತು ನಿಮಿಷ ವಿಡಿಯೋ ಮಾಡಿಸಿ, ಮನೆಯಲ್ಲಿ ಕೂತು ಎಣಿಸಿ. ಕುದುರೆಯ ಮೇಲೆ ಕೂತವರಿಗೆ ಅದರ ಮುಖ ಕಾಣುವುದಿಲ್ಲ, ಅಲ್ವಾ?

ತರಬೇತುದಾರರನ್ನು ಆರಿಸುವಾಗ ಅವರು ಗೆದ್ದ ಪದಕ ನೋಡಬೇಡಿ. ಅವರ ಲಾಯಕ್ಕೆ ಹೇಳದೆ ಒಂದು ಮಧ್ಯಾಹ್ನ ಹೋಗಿ. ಕುದುರೆಗಳ ಮುಂದೆ ಹುಲ್ಲು ಇದೆಯಾ, ಬಯಲಲ್ಲಿ ಎಷ್ಟಿವೆ, ಪಾಠ ಮುಗಿದ ಮೇಲೆ ಅವರು ಹತ್ತಿರ ಬಂದರೆ ಕುದುರೆ ತಲೆ ಆಚೆ ತಿರುಗಿಸುತ್ತದೆಯಾ ನೋಡಿ. 'ಇವತ್ತು ಇದು ಬೇಡ ಅನ್ನುತ್ತಿದೆ, ಇಲ್ಲಿಗೆ ಸಾಕು' ಅಂತ ಅವರು ಪಾಠ ನಿಲ್ಲಿಸಿದ್ದನ್ನು ಒಮ್ಮೆ ನೋಡಿದರೆ, ಅವರ ಹತ್ತಿರವೇ ಕಲಿಯಿರಿ.

ಆ ಹಲ್ಲು ಕಡಿಯುವ ಕುದುರೆಯ ವಿಷಯ. ಸ್ವಭಾವ ಅಂತ ನಂಬಬೇಡಿ, ಹಾಗಂತ ಅದನ್ನು ಬಿಟ್ಟೂ ಬಿಡಬೇಡಿ. ಮಾರುವವರಿಗೆ ಸಂಬಂಧವಿಲ್ಲದ ವೈದ್ಯರನ್ನು ನೀವೇ ಕರೆದುಕೊಂಡು ಹೋಗಿ. ಹಲ್ಲು, ಬೆನ್ನು, ಕಾಲು ನೋಡಿಸಿ. ಸಾಧ್ಯವಾದರೆ ಹೊಟ್ಟೆಗೆ ಕ್ಯಾಮೆರಾ ಇಳಿಸಿಯೂ ನೋಡಿಸಿ. ಮಾರುವವರು ಬೇಡ ಅಂದರೆ ಕೊಳ್ಳಬೇಡಿ. ಒಪ್ಪಿದರೆ, ಏನು ಕಂಡಿತು ಅಂತ ಇಲ್ಲೇ ಬರೆಯಿರಿ. ಹುಣ್ಣು ಇದ್ದರೆ ಮೇವು ಹೇಗೆ ಬದಲಿಸಬೇಕು ಅಂತ ನಾನು ವಿವರವಾಗಿ ಹೇಳುತ್ತೇನೆ.