ಅನಿಮೆ ನೋಡಿ ಮುಗಿಸಿದವರು ಯಾವ ಫೈಟಿಂಗ್ ಗೇಮ್‌ನ ಸ್ಟೋರಿ ಮೋಡ್ ಆಡಬೇಕು?

ನರುಟೊ, ಡ್ರ್ಯಾಗನ್ ಬಾಲ್, ಡೀಮನ್ ಸ್ಲೇಯರ್ ಮೂರನ್ನೂ ನೋಡಿಯಾಗಿದೆ, ಇವುಗಳ ಫೈಟಿಂಗ್ ಗೇಮ್‌ಗಳಲ್ಲಿ ಯಾವುದರ ಸ್ಟೋರಿ ಮೋಡ್ (ಕಥೆಯ ಜಾಡಿನಲ್ಲೇ ಆಡಿಸುವ ಭಾಗ) ಚೆನ್ನಾಗಿದೆ, ಗೊತ್ತಿರುವ ಕಥೆಯನ್ನೇ ಮತ್ತೆ ಆಡುವುದರಲ್ಲಿ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಆಡುವುದಾದರೆ 2016ರಲ್ಲಿ ಬಂದ ನರುಟೊ ಅಲ್ಟಿಮೇಟ್ ನಿಂಜಾ ಸ್ಟಾರ್ಮ್ 4 ಆಡಿ. ಗೊತ್ತಿರುವ ಕಥೆ ಬೇಡ, ಬೇರೆ ದಾರಿ ಹಿಡಿದ ಕಥೆ ಬೇಕು ಅನ್ನುವುದಾದರೆ 2024ರ ಡ್ರ್ಯಾಗನ್ ಬಾಲ್ ಸ್ಪಾರ್ಕಿಂಗ್ ಝೀರೋ. ಡೀಮನ್ ಸ್ಲೇಯರ್ ಗೇಮ್ ಕಣ್ಣಿಗೆ ಹಬ್ಬ, ಆದರೆ ನನ್ನ ಪಟ್ಟಿಯಲ್ಲಿ ಅದು ಇವೆರಡರ ನಂತರ.

ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಗೇಮ್‌ಗಳನ್ನು ಹೋಲಿಸುವಾಗ ಹೆಚ್ಚಿನವರು ನೋಡುವುದು ಎಷ್ಟು ಎಪಿಸೋಡ್‌ಗಳ ಕಥೆ ಇದೆ, ಕಟ್‌ಸೀನ್ (ಆಟದ ನಡುವೆ ಬರುವ ದೃಶ್ಯ) ಎಷ್ಟು ಚೆಂದ, ಎಷ್ಟು ಪಾತ್ರಗಳಿವೆ ಎಂಬುದನ್ನು. ನಾನು ನೋಡುವುದು ಬೇರೆ: ಕಥೆ ನಡೆಯುವುದು ಹೊಡೆದಾಟದ ಒಳಗೋ, ಹೊಡೆದಾಟ ಮುಗಿದ ಮೇಲೋ? ಕೆಟ್ಟ ಸ್ಟೋರಿ ಮೋಡ್‌ನಲ್ಲಿ ಮೊದಲು ಒಂದು ದೃಶ್ಯ ಬರುತ್ತದೆ, ಆಮೇಲೆ ಮಾಮೂಲಿ ಮ್ಯಾಚ್, ಆಮೇಲೆ ಇನ್ನೊಂದು ದೃಶ್ಯ. ನಡುವಿನ ಮ್ಯಾಚ್ ತೆಗೆದುಹಾಕಿದರೂ ಕಥೆಗೆ ಏನೂ ಆಗುವುದಿಲ್ಲ. ಇನ್ನೂ ಬೇಸರದ ಸಂಗತಿ ಎಂದರೆ, ನೀವು ಒಂದೂ ಏಟು ತಿನ್ನದೆ ಗೆದ್ದಿರುತ್ತೀರಿ, ಮುಂದಿನ ದೃಶ್ಯದಲ್ಲಿ ನಿಮ್ಮ ಪಾತ್ರ ರಕ್ತ ಕಾರುತ್ತಾ ನೆಲಕ್ಕೆ ಬಿದ್ದಿರುತ್ತದೆ. ಅನಿಮೆ ಆಧರಿಸಿದ ಗೇಮ್‌ಗಳನ್ನು ಮೊದಲಿನಿಂದಲೂ ಕಾಡುತ್ತಿರುವ ರೋಗ ಇದು. ಕಥೆ ಮೊದಲೇ ಬರೆದಿದೆ, ಯಾರು ಸೋಲಬೇಕೆಂದು ನಿಗದಿಯಾಗಿದೆ. ಆದರೆ ಆಟ ಎಂದರೆ ಆಡುವವನು ಗೆಲ್ಲಲೇಬೇಕು. ಈ ಇಕ್ಕಟ್ಟನ್ನು ಯಾವ ಗೇಮ್ ಹೇಗೆ ನಿಭಾಯಿಸಿದೆ ಎಂಬುದೇ ನನ್ನ ಅಳತೆಗೋಲು.

ಸ್ಟಾರ್ಮ್ ಸರಣಿಯನ್ನು ಮಾಡಿದ ಸೈಬರ್‌ಕನೆಕ್ಟ್ ಟೂ ಇದಕ್ಕೆ ಕಂಡುಕೊಂಡ ಉಪಾಯ ಬಾಸ್ ಫೈಟ್, ಅಂದರೆ ದೊಡ್ಡ ಎದುರಾಳಿಯೊಬ್ಬನ ಜೊತೆಗಿನ ವಿಶೇಷ ಹೊಡೆದಾಟ. 2008ರ ಮೊದಲ ಸ್ಟಾರ್ಮ್‌ನಲ್ಲೇ ಅದು ಶುರುವಾಗಿತ್ತು, ಆದರೆ ಹದಕ್ಕೆ ಬಂದದ್ದು 2010ರ ಸ್ಟಾರ್ಮ್ 2ರಲ್ಲಿ. ಸಾಸುಕೆ ಮತ್ತು ಅವನ ಅಣ್ಣ ಇಟಾಚಿ ಎದುರಾಗುವ ಯುದ್ಧವನ್ನೇ ನೋಡಿ. ಮಾಮೂಲಿ ಮ್ಯಾಚ್‌ನ ನಿಯಮಗಳು ಅಲ್ಲಿ ಸಡಿಲವಾಗುತ್ತವೆ, ಹೊಡೆದಾಟ ಹಂತಹಂತವಾಗಿ ರೂಪ ಬದಲಿಸುತ್ತದೆ, ನಡುನಡುವೆ ತೆರೆಯ ಮೇಲೆ ಬಟನ್ ಗುರುತುಗಳು ಬರುತ್ತವೆ. ಸರಿಯಾದ ಹೊತ್ತಿಗೆ ಒತ್ತಿದರೆ ದೃಶ್ಯ ಮುಂದೆ ಹರಿಯುತ್ತದೆ. ಎಷ್ಟು ಚುರುಕಾಗಿ ಒತ್ತಿದಿರಿ ಎಂಬುದಕ್ಕೆ ನಕ್ಷತ್ರಗಳನ್ನು ಕೊಡುತ್ತಾರೆ. ಸಾಕಷ್ಟು ಕೂಡಿದರೆ ಸೀಕ್ರೆಟ್ ಫ್ಯಾಕ್ಟರ್ ಎಂಬ ಹೆಚ್ಚುವರಿ ದೃಶ್ಯ ತೆರೆದುಕೊಳ್ಳುತ್ತದೆ. ಬಟನ್ ಒತ್ತುವ ಈ ಪದ್ಧತಿಯನ್ನು ಹಲವರು ಹಳಿಯುತ್ತಾರೆ. ನಾನು ಅದರ ಪರ. ಏಟು ತಿನ್ನುವ ದೃಶ್ಯದಲ್ಲೂ ಕೈಗೆ ಕೆಲಸ ಇರುವುದರಿಂದ ನೀವು ಸೋಲುತ್ತಿರುವಾಗಲೂ ಆಡುತ್ತಲೇ ಇರುತ್ತೀರಿ, ಸುಮ್ಮನೆ ನೋಡುತ್ತಾ ಕೂರುವುದಿಲ್ಲ. ಸೋಲುವುದೂ ಆಟದ ಒಂದು ಭಾಗವಾಗುತ್ತದೆ. ಅನಿಮೆಯಲ್ಲಿ ಎರಡು ಮೂರು ಸಲ ನೋಡಿದ್ದ, ಖಳನಾಯಕ ಪೇನ್ ವಿರುದ್ಧದ ಯುದ್ಧ ಗೇಮ್‌ನಲ್ಲಿ ಹೊಸದಾಗಿ ಕಾಣುವುದು ಇದೇ ಕಾರಣಕ್ಕೆ.

ಸ್ಟಾರ್ಮ್ 2ಕ್ಕೆ ಇನ್ನೊಂದು ಗುಣವಿದೆ. ಯುದ್ಧಗಳ ನಡುವೆ ಊರೂರು ನಡೆದುಕೊಂಡೇ ಹೋಗಬೇಕು. ನರುಟೊನ ಊರಾದ ಕೊನೊಹಾದ ಬೀದಿಗಳಲ್ಲಿ ಓಡಾಡಿ, ಅಂಗಡಿಯವರ ಜೊತೆ ಮಾತಾಡಿ, ದಾರಿಯಲ್ಲಿ ಸಾಮಾನು ಹೆಕ್ಕಬೇಕು. ಬರೀ ಹೊಡೆದಾಟ ಬೇಕೆನ್ನುವವರಿಗೆ ಇದು ಕಾಲಹರಣ ಅನಿಸಬಹುದು. ಆದರೆ ಪೇನ್ ಬಂದು ಆ ಊರನ್ನು ನೆಲಸಮ ಮಾಡಿದಾಗ ಹೊಟ್ಟೆ ಉರಿಯುವುದು ನೀವು ಆ ಬೀದಿಗಳಲ್ಲಿ ಅಷ್ಟು ಹೊತ್ತು ಅಲೆದಿದ್ದರಿಂದಲೇ. ಅನಿಮೆಗೆ ಇನ್ನೂರು ಮುನ್ನೂರು ಎಪಿಸೋಡ್ ಬೇಕಾಗುವ ಒಡನಾಟವನ್ನು ಗೇಮ್ ಹೀಗೆ ನಡಿಗೆಯಿಂದ ಕಟ್ಟಿಕೊಡುತ್ತದೆ.

2012ರ ಜನರೇಶನ್ಸ್ ಎಂಬ ಭಾಗದಲ್ಲಿ ಇದನ್ನೆಲ್ಲ ಕೈಬಿಟ್ಟು, ಬೇರೆ ಬೇರೆ ಪಾತ್ರಗಳ ಚಿಕ್ಕ ಕಥೆಗಳನ್ನು ಹೊಲಿದು ಕೊಟ್ಟರು. ಬಾಸ್ ಫೈಟ್‌ಗಳಿಲ್ಲ. ಸ್ಟೋರಿಗೋಸ್ಕರ ಆಡುವವರು ಅದನ್ನು ಧಾರಾಳವಾಗಿ ದಾಟಿ ಹೋಗಬಹುದು. 2013ರ ಸ್ಟಾರ್ಮ್ 3 ಒಂಬತ್ತು ಬಾಲದ ನರಿ ಕೊನೊಹಾದ ಮೇಲೆ ಎರಗುವ ರಾತ್ರಿಯಿಂದ ಶುರುವಾಗುತ್ತದೆ. ಆ ಆರಂಭ ಈಗಲೂ ಈ ಬಗೆಯ ಗೇಮ್‌ಗಳಲ್ಲಿ ಬಂದಿರುವ ಅತ್ಯುತ್ತಮ ಆರಂಭಗಳಲ್ಲೊಂದು ಎಂದೇ ನನ್ನ ಅಭಿಪ್ರಾಯ. ಕೆಲವು ಕಡೆ ಹೀರೋ, ಲೆಜೆಂಡ್ ಎಂಬ ಎರಡು ದಾರಿ ಕೊಡುತ್ತಾರೆ, ಲೆಜೆಂಡ್ ಕಷ್ಟದ್ದು. ಅದರ ದೌರ್ಬಲ್ಯ ಇರುವುದು ಕೊನೆಯಲ್ಲಿ. ಆಗಿನ್ನೂ ಮಾಂಗಾ (ಅನಿಮೆಗೆ ಮೂಲವಾದ ಕಾಮಿಕ್ಸ್) ಮುಗಿದಿರಲಿಲ್ಲ, ಮಹಾಯುದ್ಧ ನಡೆಯುತ್ತಲೇ ಇತ್ತು. ಹಾಗಾಗಿ ಗೇಮ್ ತನಗೆ ತೋಚಿದ ಹಾಗೆ ಒಂದು ಮುಕ್ತಾಯ ಹಾಕಿಕೊಂಡಿತು. ಅನಿಮೆ ಪೂರ್ತಿ ನೋಡಿದ ನಿಮಗೆ ಅದು ಅರ್ಧಕ್ಕೆ ತುಂಡಾದ ಹಾಗೆ ಕಾಣುವುದು ಖಂಡಿತ.

ಸ್ಟಾರ್ಮ್ 4 ಬರುವ ಹೊತ್ತಿಗೆ ಮಾಂಗಾ ಮುಗಿದಿತ್ತು, 2014ರ ನವೆಂಬರ್‌ನಲ್ಲಿ. ಈ ವ್ಯತ್ಯಾಸ ಗೇಮ್‌ನ ಉದ್ದಕ್ಕೂ ಗೊತ್ತಾಗುತ್ತದೆ. ಎಲ್ಲಿಗೆ ಹೋಗಬೇಕು ಎಂದು ಗೊತ್ತಿದ್ದವರು ಕಟ್ಟಿದ ಕಥೆ ಇದು. ಹಿಂದಿನ ತಲೆಮಾರಿನ ಹಶಿರಾಮಾ ಮತ್ತು ಮದಾರಾ ನಡುವಿನ ಬೆಟ್ಟದೆತ್ತರದ ಕಾಳಗದಿಂದ ಶುರುವಾಗಿ, ಅದೇ ಕಣಿವೆಯಲ್ಲಿ ನರುಟೊ ಮತ್ತು ಸಾಸುಕೆ ಎದುರುಬದುರಾಗುವಲ್ಲಿಗೆ ಬಂದು ನಿಲ್ಲುತ್ತದೆ. ಆ ಕೊನೆಯ ಯುದ್ಧದ ಬಗ್ಗೆ ಹೇಳಲೇಬೇಕು. ಮೊದಲು ದೈತ್ಯಾಕಾರಗಳ ಕಾಳಗ, ಆಮೇಲೆ ನೆಲದ ಮೇಲೆ ಹೊಡೆದಾಟ, ಹಂತಹಂತವಾಗಿ ಇಬ್ಬರ ಶಕ್ತಿಯೂ ಇಳಿಯುತ್ತಾ ಹೋಗುತ್ತದೆ. ಕೊನೆಯ ಹಂತದಲ್ಲಿ ದೊಡ್ಡ ಜುತ್ಸು (ನಿಂಜಾ ವಿದ್ಯೆ) ಯಾವುದೂ ಇಲ್ಲ. ಇಬ್ಬರೂ ದಣಿದು, ತೂರಾಡುತ್ತಾ, ಬರಿಗೈಯಲ್ಲಿ ಗುದ್ದಾಡುತ್ತಾರೆ. ಇಡೀ ಗೇಮ್‌ನಲ್ಲಿ ಮಿಂಚಿನಂತೆ ಓಡುತ್ತಿದ್ದ ಪಾತ್ರ ಈಗ ನಿಧಾನವಾಗಿ ಕೈ ಎತ್ತುತ್ತದೆ. ಆ ಭಾರ ನಿಮ್ಮ ಬೆರಳಿಗೆ ಗೊತ್ತಾಗುತ್ತದೆ. ಅನಿಮೆಯಲ್ಲಿ ಆ ದೃಶ್ಯದ ಚಿತ್ರಣ ಅದ್ಭುತ, ಒಪ್ಪುತ್ತೇನೆ. ಆದರೆ ದಣಿವನ್ನು ಕೈಯಾರೆ ಅನುಭವಿಸುವುದು ಗೇಮ್‌ನಲ್ಲಿ ಮಾತ್ರ ಸಾಧ್ಯ. ಗೊತ್ತಿರುವ ಕಥೆಯನ್ನು ಮತ್ತೆ ಯಾಕೆ ಆಡಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಕೆಲವು ನಿಮಿಷಗಳಲ್ಲಿದೆ.

ಸ್ಟಾರ್ಮ್ 4ರಲ್ಲಿ ಕೊರತೆಗಳಿಲ್ಲ ಎಂದಲ್ಲ. ಯುದ್ಧಗಳ ನಡುವಿನ ಕಥೆಯನ್ನು ಬಹಳ ಕಡೆ ಅನಿಮೆಯ ನಿಶ್ಚಲ ಚಿತ್ರಗಳಿಂದ ಹೇಳಿ ಮುಗಿಸುತ್ತಾರೆ, ಕೊನೊಹಾದಲ್ಲಿ ಅಲೆದಾಟವನ್ನು ಮುಖ್ಯ ಕಥೆಯಿಂದ ತೆಗೆದು ಬೇರೆ ಮೋಡ್‌ಗೆ ಸರಿಸಿದ್ದಾರೆ. ಇದೇ ಅಭ್ಯಾಸ 2023ರ ಸ್ಟಾರ್ಮ್ ಕನೆಕ್ಷನ್ಸ್‌ನಲ್ಲಿ ಅತಿಯಾಯಿತು. ಅಲ್ಲಿ ನರುಟೊ, ಸಾಸುಕೆಯ ಇಡೀ ಕಥೆಯನ್ನು ಚಿತ್ರಗಳ ಸಾಲು ಮತ್ತು ಮಾಮೂಲಿ ಮ್ಯಾಚ್‌ಗಳಿಂದ ಹೇಳುತ್ತಾರೆ. ಅದೇ ಪೇನ್, ಅದೇ ಇಟಾಚಿ, ಆದರೆ ಬಾಸ್ ಫೈಟ್‌ನ ಉಸಿರೇ ಇಲ್ಲ. ನರುಟೊನ ಮಗ ಬೊರುಟೊನನ್ನು ಮುಂದಿಟ್ಟು ಬರೆದ ಹೊಸ ಕಥೆಯೊಂದು ಅದರಲ್ಲಿದೆ, ಆದರೆ ಅದಕ್ಕಾಗಿಯೇ ಗೇಮ್ ಕೊಳ್ಳಿ ಎಂದು ನಾನು ಹೇಳಲಾರೆ.

ಡೀಮನ್ ಸ್ಲೇಯರ್‌ಗೆ ಬರೋಣ. 2021ರ ಹಿನೊಕಾಮಿ ಕ್ರಾನಿಕಲ್ಸ್ ಮಾಡಿದ್ದೂ ಸೈಬರ್‌ಕನೆಕ್ಟ್ ಟೂ ತಂಡವೇ. ಕಥಾನಾಯಕ ತಂಜಿರೋನ ತರಬೇತಿಯಿಂದ ಮುಗೆನ್ ರೈಲಿನವರೆಗಿನ ಕಥೆ. ಜೇಡಗಳ ಬೆಟ್ಟದಲ್ಲಿ ರುಯಿ ಎಂಬ ರಾಕ್ಷಸನ ಎದುರು ನಡೆಯುವ ಬಾಸ್ ಫೈಟ್ ಅವರ ಹಳೆಯ ಕೈಚಳಕವನ್ನು ನೆನಪಿಸುತ್ತದೆ. ಆದರೆ ಈ ಗೇಮ್‌ಗೆ ಒಂದು ಕಷ್ಟವಿದೆ, ಅದು ಅವರ ತಪ್ಪೂ ಅಲ್ಲ. ಅನಿಮೆ ಮಾಡಿದ ಯುಫೋಟೇಬಲ್ ಸ್ಟುಡಿಯೊ ಆ ದೃಶ್ಯಗಳನ್ನು ಈಗಾಗಲೇ ಯಾರೂ ಮೀರಿಸಲಾಗದಷ್ಟು ಚೆನ್ನಾಗಿ ಮಾಡಿಟ್ಟಿದೆ. ನರುಟೊ ಅನಿಮೆಯಲ್ಲಿ ಎಳೆದಾಡಿದ, ಸೊರಗಿದ ಯುದ್ಧಗಳು ಎಷ್ಟೋ ಇದ್ದವು. ಗೇಮ್ ಅವನ್ನು ಬಿಗಿಗೊಳಿಸಿ ಕೊಟ್ಟಿತು. ಡೀಮನ್ ಸ್ಲೇಯರ್‌ನಲ್ಲಿ ಬಿಗಿಗೊಳಿಸಲು ಉಳಿದಿರುವುದೇ ಕಡಿಮೆ, ಹಾಗಾಗಿ ಗೇಮ್ ನಕಲು ಮಾಡುವುದರಲ್ಲೇ ತೃಪ್ತಿಪಟ್ಟಿದೆ. ನಡುವೆ ನಡೆಯುವ ದಾರಿಗಳು ಕಿರಿದು, ಮಾತಾಡಲು ಹೆಚ್ಚು ಜನರಿಲ್ಲ, ಬಿಟ್ಟುಹೋದ ಪ್ರಸಂಗಗಳು ನೆನಪಿನ ತುಣುಕುಗಳೆಂಬ ಹೆಸರಿನಲ್ಲಿ ಚಿತ್ರಗಳಾಗಿ ಸಿಗುತ್ತವೆ. ಬೇಟೆಗಾರ ರೆಂಗೊಕು ಮತ್ತು ರಾಕ್ಷಸ ಅಕಾಜಾ ಯುದ್ಧದಲ್ಲಿ ನಾನು ಮೇಲೆ ಹೇಳಿದ ರೋಗ ಎದ್ದು ಕಾಣುತ್ತದೆ: ರೆಂಗೊಕು ಆಗಿ ಅಕಾಜಾನನ್ನು ಚೆನ್ನಾಗಿ ಬಡಿದು ಗೆಲ್ಲುತ್ತೀರಿ, ಆಮೇಲೆ ನಡೆಯುವುದು ನಿಮಗೆ ಗೊತ್ತೇ ಇದೆ. ಆ ಗೆಲುವಿಗೂ ರೆಂಗೊಕುವಿನ ಸಾವಿಗೂ ನಂಟು ಕಟ್ಟಲು ಗೇಮ್‌ಗೆ ಆಗಿಲ್ಲ. 2025ರಲ್ಲಿ ಇದರ ಎರಡನೇ ಭಾಗ ಬಂತು, ಕಥೆ ಹಶಿರಾಗಳ (ಅಗ್ರ ರಾಕ್ಷಸ ಬೇಟೆಗಾರರ) ತರಬೇತಿಯವರೆಗೂ ಮುಂದುವರಿದಿದೆ. ದಾರಿ ಅದೇ, ಕೈ ಇನ್ನಷ್ಟು ಪಳಗಿದೆ. ಅನಿಮೆ ಎಂದರೆ ಪ್ರಾಣ ಎನ್ನುವವರಿಗೆ ಎರಡೂ ಇಷ್ಟವಾಗುತ್ತವೆ.

ಡ್ರ್ಯಾಗನ್ ಬಾಲ್ ಕಥೆಯೇ ಬೇರೆ. ರಾಡಿಟ್ಜ್ ಬಂದ, ವೆಜಿಟಾ ಬಂದ, ಫ್ರೀಝಾ, ಸೆಲ್, ಬೂ: ಈ ಸಾಲನ್ನು ಇಷ್ಟೊಂದು ಗೇಮ್‌ಗಳು ಹೇಳಿವೆ ಎಂದರೆ, ಅಭಿಮಾನಿಗಳಿಗೆ ಅದು ಬಾಯಿಪಾಠ. ಅದಕ್ಕೇ ಈ ಗೇಮ್‌ಗಳನ್ನು ಮಾಡುವವರು ಕಥೆ ಹೇಳುವ ಬಗೆಯನ್ನೇ ಬದಲಿಸುತ್ತಾ ಬಂದರು. 2007ರ ಬುಡೊಕಾಯ್ ಟೆಂಕಾಯ್ಚಿ 3ರಲ್ಲಿ ಹೊಡೆದಾಟ ನಡೆಯುತ್ತಿರುವಾಗಲೇ ಒಂದು ಬಟನ್ ಒತ್ತಿ ಕಥೆಯ ಮುಂದಿನ ತಿರುವನ್ನು ತರಬಹುದಿತ್ತು, ಮ್ಯಾಚ್ ನಿಲ್ಲದೆ ರೂಪಾಂತರ, ಹೊಸ ಪಾತ್ರದ ಪ್ರವೇಶ ಎಲ್ಲ ನಡೆಯುತ್ತಿತ್ತು. ತುಂಬಾ ಸರಳ ಉಪಾಯ, ಇಂದಿನ ಎಷ್ಟೋ ಗೇಮ್‌ಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. 2015ರ ಝೀನೋವರ್ಸ್ ಮತ್ತು ಮರುವರ್ಷದ ಅದರ ಎರಡನೇ ಭಾಗದಲ್ಲಿ ನೀವೇ ಒಂದು ಪಾತ್ರ ಮಾಡಿಕೊಂಡು ಟ್ರಂಕ್ಸ್ ಜೊತೆ ಕಾಲದ ಕಾವಲಿಗೆ ಸೇರುತ್ತೀರಿ. ಯಾರೋ ಇತಿಹಾಸ ಕೆಡಿಸುತ್ತಿದ್ದಾರೆ, ಗೋಕು ಸಾಯಬಾರದ ಹಾಗೆ ಸಾಯುತ್ತಿದ್ದಾನೆ, ಗೆಲ್ಲಬೇಕಾದವರು ಸೋಲುತ್ತಿದ್ದಾರೆ. ನೀವು ಹೋಗಿ ಅದನ್ನು ಸರಿಪಡಿಸಬೇಕು. ಗೊತ್ತಿರುವ ಕಥೆಯೇ ಇಲ್ಲಿ ನಿಮ್ಮ ಬಂಡವಾಳ, ಏನು ತಪ್ಪಾಗಿದೆ ಎಂದು ಗುರುತಿಸಲು ಮೂಲ ಗೊತ್ತಿರಬೇಕು. ಅನಿಮೆ ನೋಡಿದವರಿಗೆ ಇದಕ್ಕಿಂತ ಗೌರವದ ಆಹ್ವಾನ ಇಲ್ಲ.

2018ರ ಫೈಟರ್‌ಝೀ ಹೊಡೆದಾಟದ ದೃಷ್ಟಿಯಿಂದ ಇವೆಲ್ಲಕ್ಕಿಂತ ಮೇಲು. ಅದರ ಸ್ಟೋರಿ ಮೋಡ್ ಮಾತ್ರ ಸಪ್ಪೆ. ಆಂಡ್ರಾಯ್ಡ್ 21 ಎಂಬ ಹೊಸ ಪಾತ್ರ, ಗೋಕುವಿನ ದೇಹದೊಳಗೆ ಸೇರುವ ಆತ್ಮ ನೀವೇ ಎಂಬ ಚೆಂದದ ಕಲ್ಪನೆ, ಜೊತೆಗಾರರ ನಡುವೆ ನಗು ತರಿಸುವ ಮಾತುಕತೆ, ಎಲ್ಲ ಇದೆ. ಆದರೆ ಆಡುವಾಗ ನಕ್ಷೆಯ ಮೇಲೆ ಒಂದೊಂದೇ ಚೌಕ ಸರಿದು ಅದೇ ನಕಲಿ ಎದುರಾಳಿಗಳನ್ನು ಮತ್ತೆ ಮತ್ತೆ ಸೋಲಿಸಬೇಕು. ಈ ಗೇಮ್‌ನ ನಿಜವಾದ ಕಥೆ ಇರುವುದು ಸ್ಟೋರಿ ಮೋಡ್‌ನ ಹೊರಗೆ. ಸರಿಯಾದ ಪಾತ್ರಗಳನ್ನು ಎದುರಿಟ್ಟು, ಸರಿಯಾದ ಜಾಗದಲ್ಲಿ, ಕೊನೆಯ ಏಟನ್ನು ಜೋರಾದ ಬಟನ್‌ನಿಂದ ಹೊಡೆದರೆ ಮೂಲ ಕಥೆಯ ದೃಶ್ಯವೇ ಕಣ್ಮುಂದೆ ಬರುತ್ತದೆ. ನಾಮೆಕ್ ಗ್ರಹದಲ್ಲಿ ಗೋಕು ಫ್ರೀಝಾನನ್ನು ಮುಗಿಸುವುದು, ಗೊಹಾನ್ ಸೆಲ್‌ನನ್ನು ಮುಗಿಸುವುದು ಹೀಗೆ. ಅದು ನಿಮ್ಮ ಕೈಯ ಗೆಲುವಿಗೆ ಸಿಕ್ಕ ಕಥೆ, ಹಾಗಾಗಿ ಮೈ ಜುಮ್ಮೆನ್ನುತ್ತದೆ.

ಸ್ಪಾರ್ಕಿಂಗ್ ಝೀರೋ ಈ ವಿಚಾರವನ್ನೇ ಮುಂದಕ್ಕೊಯ್ದಿದೆ. ಗೋಕು, ವೆಜಿಟಾ, ಪಿಕೊಲೊ, ಫ್ರೀಝಾ ಮೊದಲಾದ ಎಂಟು ಪಾತ್ರಗಳ ಕಣ್ಣಿಂದ ಕಥೆ ಸಾಗುತ್ತದೆ, ಕೆಲವು ದೃಶ್ಯಗಳನ್ನು ಆ ಪಾತ್ರದ ಕಣ್ಣಿನಿಂದಲೇ ನೋಡಬಹುದು. ಕೆಲವು ಕಡೆ ನೀವು ಮಾಡುವ ಆಯ್ಕೆಯಿಂದ, ಇನ್ನು ಕೆಲವು ಕಡೆ ಬೇಗನೆ ಗೆಲ್ಲುವಂಥ ಷರತ್ತು ಪೂರೈಸುವುದರಿಂದ ಕಥೆ ಬೇರೆ ದಾರಿಗೆ ಹೊರಳುತ್ತದೆ. ನಾನು ಮೊದಲು ಹೇಳಿದ ಇಕ್ಕಟ್ಟಿಗೆ ಇದು ನೇರ ಪರಿಹಾರ: ನೀವು ಅಷ್ಟು ಚೆನ್ನಾಗಿ ಗೆದ್ದಿರಾ, ಹಾಗಾದರೆ ಇತಿಹಾಸವೇ ಬದಲಾಗಲಿ. ಕಟ್‌ಸೀನ್‌ಗಳ ನಡುವೆ ನಿಶ್ಚಲ ಚಿತ್ರಗಳಿಂದ ಕಥೆ ತುಂಬಿಸುವ ಚಟ ಇಲ್ಲೂ ಇದೆ, ಮೂಲ ನೋಡದವರಿಗೆ ಏನು ನಡೆಯುತ್ತಿದೆ ಎಂದೇ ತಿಳಿಯುವುದಿಲ್ಲ. ನಿಮಗೆ ಆ ತೊಂದರೆ ಇಲ್ಲ. ಆರಂಭದಲ್ಲೇ ಎದುರಾಗುವ ದೈತ್ಯ ಕೋತಿ ರೂಪದ ವೆಜಿಟಾ ಸಾಕಷ್ಟು ಸತಾಯಿಸುತ್ತಾನೆ, ಅಲ್ಲಿ ಬಿಟ್ಟುಬಿಡಬೇಡಿ.

ನೀವು ಕೇಳದ ಒಂದು ಗೇಮ್‌ನ ಹೆಸರು ಹೇಳದೆ ಇರಲಾರೆ. 2020ರ ಒನ್ ಪಂಚ್ ಮ್ಯಾನ್: ಎ ಹೀರೋ ನೋಬಡಿ ನೋಸ್. ಹೊಡೆದಾಟ ಒರಟು, ಊರು ಖಾಲಿ ಖಾಲಿ. ಆದರೆ ಒಂದೇ ಏಟಿಗೆ ಎಲ್ಲರನ್ನೂ ಮುಗಿಸುವ ಸೈತಾಮಾನನ್ನು ಫೈಟಿಂಗ್ ಗೇಮ್‌ಗೆ ತರುವುದು ಹೇಗೆ ಎಂಬುದಕ್ಕೆ ಅವರು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಮ್ಯಾಚ್ ಶುರುವಾದಾಗ ಅವನು ಇರುವುದಿಲ್ಲ, ಬರುತ್ತಿರುತ್ತಾನೆ. ಅವನು ಬರುವವರೆಗೆ ಉಳಿದವರಲ್ಲಿ ತಾಳಿಕೊಳ್ಳಬೇಕು. ಚೆನ್ನಾಗಿ ಆಡಿದರೆ ಅವನು ಬೇಗ ಬರುತ್ತಾನೆ. ಬಂದ ಮೇಲೆ ಒಂದೇ ಏಟು. ಅನಿಮೆಯ ಇಡೀ ತಿರುಳು ಒಂದು ಗಡಿಯಾರದೊಳಗೆ ಕೂತುಬಿಟ್ಟಿದೆ, ಯಾವ ಕಟ್‌ಸೀನ್ ಇಲ್ಲದೆಯೂ ಕಥೆ ನಡೆಯುತ್ತದೆ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2019ರ ಕಿಲ್ ಲಾ ಕಿಲ್: ಇಫ್ ಕಥೆಯನ್ನು ನಾಯಕಿಯ ಎದುರಾಳಿ ಸತ್ಸುಕಿಯ ಕಡೆಯಿಂದ, ಬೇರೆ ತಿರುವು ಕೊಟ್ಟು ಹೇಳುತ್ತದೆ, ಚಿಕ್ಕದು, ಒಳ್ಳೆಯದು. 2024ರ ಜುಜುತ್ಸು ಕೈಸೆನ್: ಕರ್ಸ್ಡ್ ಕ್ಲಾಶ್ ಅನಿಮೆಯ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ ಕಥೆ ಎನ್ನುತ್ತದೆ, ಬೇಡ. 2019ರ ಜಂಪ್ ಫೋರ್ಸ್‌ನಲ್ಲಿ ಎಲ್ಲ ಲೋಕಗಳ ನಾಯಕರೂ ಸೇರಿದ್ದಾರೆ, ಆದರೆ ದೃಶ್ಯಗಳಲ್ಲಿ ಮರದ ಬೊಂಬೆಗಳಂತೆ ನಿಂತು ಮಾತಾಡುತ್ತಾರೆ. 2022ರಲ್ಲಿ ಅದರ ಡಿಜಿಟಲ್ ಮಾರಾಟವೂ ನಿಂತಿತು.

ನಿಮಗೆ ನಾನು ಹೇಳುವ ಕ್ರಮ ಇದು: ಸ್ಟಾರ್ಮ್ 2, ಸ್ಟಾರ್ಮ್ 3, ಸ್ಟಾರ್ಮ್ 4, ಆಮೇಲೆ ಸ್ಪಾರ್ಕಿಂಗ್ ಝೀರೋ. ಸ್ಟಾರ್ಮ್ ಗೇಮ್‌ಗಳನ್ನು ಬಿಡಿಬಿಡಿಯಾಗಿ ಕೊಳ್ಳಬೇಕಿಲ್ಲ; ಮೊದಲ ಮೂರು ಸೇರಿದ ಟ್ರೈಲಜಿ ಇದೆ, ನಾಲ್ಕನೆಯದನ್ನೂ ಸೇರಿಸಿದ ಲೆಗಸಿ ಎಂಬ ಕಟ್ಟೂ ಇದೆ. ಲೆಗಸಿಯನ್ನೇ ನೋಡಿ, ಅದರಲ್ಲಿ ರೋಡ್ ಟು ಬೊರುಟೊ ಎಂಬ ಹೆಚ್ಚುವರಿ ಭಾಗವೂ ಬರುತ್ತದೆ. ಜಪಾನಿ ಧ್ವನಿಗಳನ್ನೇ ಇಟ್ಟುಕೊಂಡು ಆಡಿ, ಬಾಸ್ ಫೈಟ್‌ಗಳಲ್ಲಿ ಆ ಕೂಗುಗಳು ಬೇಕೇ ಬೇಕು.