ಮಕ್ಕಳ ಬೊಜ್ಜಿಗೆ ಆನ್‌ಲೈನ್ ಕಾರ್ಯಕ್ರಮ: ಕ್ಯಾಮೆರಾ ಮುಂದೆ ಯಾರು ಕೂರಬೇಕು?

ಪ್ರಶ್ನೆ: ನನ್ನ ಮಗನಿಗೆ ಈಗ 12 ವರ್ಷ. ಲಾಕ್‌ಡೌನ್‌ಗೆ ಮುಂಚೆ ಸಣ್ಣಗೇ ಇದ್ದ. ಸ್ಕೂಲ್ ಮುಚ್ಚಿ ಮನೆಯಲ್ಲೇ ಕೂತಾಗ ದಪ್ಪ ಆದ. 2021ರಲ್ಲಿ ಆನ್‌ಲೈನ್‌ನಲ್ಲಿ ತೂಕ ಇಳಿಸುವ ಕಾರ್ಯಕ್ರಮವೊಂದಕ್ಕೆ ಸೇರಿಸಿದ್ದೆವು. ವಾರಕ್ಕೊಮ್ಮೆ ಅವನನ್ನು ಫೋನ್ ಮುಂದೆ ಕೂರಿಸುತ್ತಿದ್ದೆ, ಅವರು ಡಯಟ್ ಚಾರ್ಟ್ ಕಳಿಸುತ್ತಿದ್ದರು. ಸ್ವಲ್ಪ ಇಳಿದ, ಆಮೇಲೆ ಮತ್ತೆ ಏರಿದ. ಈಗ ಎತ್ತರ 145 ಸೆಂ.ಮೀ., ತೂಕ 52 ಕೆ.ಜಿ. ಇನ್ನೊಬ್ಬರು "ಇಡೀ ಕುಟುಂಬಕ್ಕೆ ಆನ್‌ಲೈನ್ ಕಾರ್ಯಕ್ರಮ" ಅಂತ ಕರೆಯುತ್ತಿದ್ದಾರೆ. ನಮ್ಮ ಅತ್ತೆಯವರು "ಬೆಳೆಯೋ ಹುಡುಗ, ತಿನ್ಲಿ ಬಿಡು" ಅಂತಾರೆ. ಮತ್ತೆ ದುಡ್ಡು ಕಟ್ಟಬೇಕಾ? (ಓದುಗರು, ದಾವಣಗೆರೆ)

ಉತ್ತರ: ಹಳೇ ಕಾರ್ಯಕ್ರಮ ಯಾಕೆ ಕೈಹಿಡಿಯಲಿಲ್ಲ ಅನ್ನೋದು ನಿಮ್ಮ ಪತ್ರದಲ್ಲೇ ಇದೆ. "ಅವನನ್ನು ಫೋನ್ ಮುಂದೆ ಕೂರಿಸುತ್ತಿದ್ದೆ" ಅಂದಿರಲ್ಲ, ಎಡವಟ್ಟಾಗಿದ್ದು ಅಲ್ಲೇ. ಆಗಿನ್ನೂ ಏಳೆಂಟು ವರ್ಷದ ಹುಡುಗ ಅಂಗಡಿಯಿಂದ ಎಣ್ಣೆ ತರುವುದಿಲ್ಲ, ಒಲೆ ಮುಂದೆ ನಿಲ್ಲುವುದಿಲ್ಲ, ರಾತ್ರಿ ಟಿವಿ ಎಷ್ಟು ಗಂಟೆಗೆ ಆರಬೇಕು ಅಂತ ತೀರ್ಮಾನಿಸುವುದಿಲ್ಲ. ಅದನ್ನೆಲ್ಲ ಮಾಡುವವರು ಪಕ್ಕದ ಕೋಣೆಯಲ್ಲಿದ್ದರೆ ಆ ಚಾರ್ಟ್ ಯಾರಿಗೆ ಹೇಳಿ?

ನಿಮ್ಮನ್ನು ದೂರುತ್ತಿಲ್ಲ. ಆ ಕಾಲವೇ ಹಾಗಿತ್ತು. ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷ ಮಕ್ಕಳಿಗೆ ಆಟವೂ ಇಲ್ಲ, ಊಟ-ನಿದ್ದೆಗೆ ಹೊತ್ತುಗೊತ್ತೂ ಇಲ್ಲ. ಬೇರೆ ಕಡೆಯೂ ಇದೇ ಕಥೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2ರಿಂದ 19 ವರ್ಷದವರೆಗಿನ 4,32,302 ಜನರ ದಾಖಲೆ ನೋಡಿ 2021ರಲ್ಲಿ ವರದಿ ಕೊಟ್ಟಿತು. ಕೊರೊನಾ ಸಮಯದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟು ಅನ್ನೋ ಲೆಕ್ಕ) ಏರುವ ವೇಗ ಮೊದಲಿನದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟಾಗಿತ್ತು. ಮೊದಲೇ ತೂಕ ಜಾಸ್ತಿ ಇದ್ದ ಮಕ್ಕಳಲ್ಲಿ ಮತ್ತು ಪ್ರೈಮರಿ ಶಾಲೆ ವಯಸ್ಸಿನವರಲ್ಲಿ ಅದು ಇನ್ನೂ ಜೋರು.

ಈಗ "ಕುಟುಂಬ ಸಮೇತ" ಅನ್ನೋದರ ವಿಷಯ. ಇದು ಕೊರೊನಾ ಕಾಲದಲ್ಲಿ ಹುಟ್ಟಿದ ಐಡಿಯಾ ಅಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಲಿಯೊನಾರ್ಡ್ ಎಪ್‌ಸ್ಟೀನ್ 1970ರ ದಶಕದಿಂದಲೂ ಇದರ ಮೇಲೆ ಕೆಲಸ ಮಾಡಿದವರು. ಅವರ ತಂಡ ಮಕ್ಕಳನ್ನು ಮೂರು ಗುಂಪು ಮಾಡಿ ಹತ್ತು ವರ್ಷ ಬಿಟ್ಟು ಮತ್ತೆ ನೋಡಿತು. ಫಲಿತಾಂಶ ಪ್ರಕಟವಾಗಿದ್ದು 1990ರಲ್ಲಿ. ಅಪ್ಪ ಅಥವಾ ಅಮ್ಮನೂ ಮಗುವಿನ ಜೊತೆಗೇ ಅಭ್ಯಾಸ ಬದಲಿಸಿಕೊಂಡಿದ್ದ ಗುಂಪಿನಲ್ಲಿ ಅತಿತೂಕದ ಪ್ರಮಾಣ ಶೇ. 7.5ರಷ್ಟು ಇಳಿದಿತ್ತು. ಯಾರ ಮೇಲೂ ವಿಶೇಷ ಒತ್ತು ಕೊಡದ ಗುಂಪಿನಲ್ಲಿ ಶೇ. 14.3ರಷ್ಟು ಏರಿತ್ತು. ಮಗುವಿಗೆ ಮಾತ್ರ ಹೇಳಿಕೊಟ್ಟ ಗುಂಪು ನಡುವೆ ನಿಂತಿತು. ಹತ್ತು ವರ್ಷ ಆದಮೇಲೂ ಈ ವ್ಯತ್ಯಾಸ! ನನ್ನನ್ನು ಒಪ್ಪಿಸಿದ್ದು ಇದೇ ಲೆಕ್ಕ. 2023ರಲ್ಲಿ ಅದೇ ತಂಡ ಇನ್ನೊಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಅದು ನಡೆಯುತ್ತಿದ್ದಾಗಲೇ ಕೊರೊನಾ ಬಂದಿದ್ದು. ಅದರಲ್ಲಿ ಚಿಕಿತ್ಸೆಗೆ ಸೇರಿಸದೇ ಇದ್ದ ಅಣ್ಣತಮ್ಮ, ಅಕ್ಕತಂಗಿಯರಿಗೂ ಲಾಭವಾಗಿತ್ತು. ಮನೆ ಅಡುಗೆ ಬದಲಾದರೆ ಎಲ್ಲರ ತಟ್ಟೆಯೂ ಬದಲಾಗುತ್ತೆ, ಅಲ್ವಾ?

ಎಪ್‌ಸ್ಟೀನ್ ಅವರ ಪದ್ಧತಿಯಲ್ಲಿ ಊಟಕ್ಕೆ ಟ್ರಾಫಿಕ್ ಸಿಗ್ನಲ್ ಬಣ್ಣ. ನಮ್ಮ ಕಡೆಗೆ ಹೊಂದಿಸಿ ಹೇಳುವುದಾದರೆ ಸೊಪ್ಪು, ಸೌತೆಕಾಯಿ ಕೋಸಂಬರಿ, ಹುರುಳಿಕಾಯಿ ಪಲ್ಯ, ಹಣ್ಣು ಹಸಿರು. ಮುದ್ದೆ, ಅನ್ನ, ಚಪಾತಿ, ಬೇಳೆ, ಮೊಟ್ಟೆ ಹಳದಿ: ತಿನ್ನಬೇಕು, ಅಳತೆ ನೋಡಿಕೊಳ್ಳಬೇಕು. ಚಿಪ್ಸ್, ಮಿಕ್ಸ್ಚರ್, ಬೇಕರಿ ಪಫ್ಸ್, ಬಾಟಲಿ ಜ್ಯೂಸ್ ಕೆಂಪು. ಬೆಣ್ಣೆ ದೋಸೆಯೂ ಕೆಂಪೇ, ದಾವಣಗೆರೆಯವರು ನನ್ನನ್ನು ಕ್ಷಮಿಸಬೇಕು. ಕೆಂಪು ಅಂದರೆ ಪೂರ್ತಿ ಬಂದ್ ಅಲ್ಲ, ವಾರಕ್ಕೆ ಎಷ್ಟು ಸಲ ಅಂತ ಮನೆಮಂದಿ ಕೂತು ಮೊದಲೇ ಗೊತ್ತು ಮಾಡಿಕೊಳ್ಳುವುದು.

ಆನ್‌ಲೈನ್ ಆದರೆ ಸರಿಹೋಗುತ್ತಾ ಅಂತ ಕೇಳಿದರೆ, ಒಂದು ವಿಷಯದಲ್ಲಿ ಕ್ಲಿನಿಕ್‌ಗಿಂತ ವಾಸಿ. ಕ್ಲಿನಿಕ್‌ಗೆ ಬಂದವರು "ಮನೇಲಿ ಏನೂ ಇಡಲ್ಲ ಡಾಕ್ಟ್ರೇ" ಅಂತಾರೆ. ವಿಡಿಯೊ ಕಾಲ್‌ನಲ್ಲಿ ಫೋನನ್ನು ಅಡುಗೆಮನೆ ಕಡೆ ತಿರುಗಿಸಿ ಅಂದರೆ ಬೇರೆಯೇ ಕಾಣುತ್ತೆ. ಮಿಕ್ಸ್ಚರ್ ಡಬ್ಬಿ ಟಿವಿ ಪಕ್ಕದಲ್ಲಿ, ಮಗುವಿನ ಕೈಗೆ ಸಿಗುವ ಹಾಗೆ. ಸೌತೆಕಾಯಿ ಫ್ರಿಜ್‌ನ ಕೆಳಗಿನ ಟ್ರೇಯಲ್ಲಿ, ಕವರ್ ಸಮೇತ. ಇವೆರಡರ ಜಾಗ ಅದಲು ಬದಲು ಮಾಡಿಸುವುದೇ ಒಂದು ದಿನದ ಪಾಠ. ಎಣ್ಣೆ ಕ್ಯಾನ್ ತೋರಿಸಿ, ತಿಂಗಳಿಗೆ ಎಷ್ಟು ಲೀಟರ್, ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತೇವೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ ಅನ್ನೋದು ನಾವು ಹೇಳುವ ಲೆಕ್ಕ.

ದುಡ್ಡು ಕಟ್ಟುವ ಮುಂಚೆ ಅವರನ್ನು ಮೊದಲು ಕೇಳಬೇಕಾದದ್ದು ಒಟ್ಟು ಎಷ್ಟು ಗಂಟೆ ಅಂತ. ಅಮೆರಿಕದ ತಜ್ಞರ ಕಾರ್ಯಪಡೆ 2017ರಲ್ಲೂ 2024ರಲ್ಲೂ ಹೇಳಿದ್ದು ಕನಿಷ್ಠ 26 ಗಂಟೆ. ವಾರಕ್ಕೆ ಹತ್ತು ನಿಮಿಷದ ಫೋನು, ಜೊತೆಗೊಂದು ಪಿಡಿಎಫ್ ಅಂದರೆ ಅದು ಚಿಕಿತ್ಸೆ ಆಗುವುದಿಲ್ಲ. ಅಪ್ಪ-ಅಮ್ಮ ಕಡ್ಡಾಯವಾಗಿ ಇರಬೇಕಾ ಅಂತಲೂ ಕೇಳಿ. "ಬೇಡ, ಮಗು ಸಾಕು" ಅಂದರೆ ಅಲ್ಲಿಗೇ ಬಿಟ್ಟುಬಿಡಿ. ತಿಂಗಳಲ್ಲಿ ಇಷ್ಟು ಕೆ.ಜಿ. ಗ್ಯಾರಂಟಿ ಅನ್ನುವವರ ಹತ್ತಿರ ಸುಳಿಯಲೇಬೇಡಿ.

ಬೆಳೆಯುವ ಮಗುವಿಗೆ ಕೆ.ಜಿ. ಇಳಿಯಲೇಬೇಕು ಅಂತೇನಿಲ್ಲ. ನಿಮ್ಮ ಮಗನ ಬಿಎಂಐ ಈಗ 24.7. ತೂಕ 52ರಲ್ಲೇ ನಿಂತು ಎತ್ತರ 152 ಆದರೆ ಅದು 22.5ಕ್ಕೆ ಬರುತ್ತದೆ. ಅವನು ಸರ್ರನೆ ಉದ್ದ ಆಗುವ ವಯಸ್ಸು ಹತ್ತಿರದಲ್ಲೇ ಇದೆ. ಆದರೆ ಅಳತೆ ಸರಿಯಾಗಿರಬೇಕು. ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಮಟ್ಟವಾಗಿಟ್ಟು ಪೆನ್ಸಿಲ್ ಗುರುತು ಹಾಕಿ. ಒಂದು ಸೆಂಟಿಮೀಟರ್ ತಪ್ಪಾದರೂ ಲೆಕ್ಕ ಬೇರೆಯಾಗುತ್ತದೆ.

ಆನ್‌ಲೈನ್‌ನಲ್ಲಿ ಆಗದ ಕೆಲಸವೂ ಇದೆ. ಬಿಪಿ ನೋಡುವುದು, ಸಕ್ಕರೆ, ಕೊಲೆಸ್ಟೆರಾಲ್, ಲಿವರ್ ಪರೀಕ್ಷೆಗೆ ರಕ್ತ ಕೊಡುವುದು. ಅದಕ್ಕೆ ಒಮ್ಮೆ ಮಕ್ಕಳ ಡಾಕ್ಟರ ಹತ್ತಿರ ಹೋಗಲೇಬೇಕು. ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆಯಾ ನೋಡಿ. ಎಷ್ಟೋ ಅಮ್ಮಂದಿರು ಅದನ್ನು ಕೊಳೆ ಅಂದುಕೊಂಡು ಉಜ್ಜಿ ಉಜ್ಜಿ ಗಾಯ ಮಾಡಿರುತ್ತಾರೆ. ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತು. ರಾತ್ರಿ ಜೋರು ಗೊರಕೆ, ಸೊಂಟ ಇಲ್ಲವೇ ಮಂಡಿ ನೋವಿನಿಂದ ಕುಂಟುವುದು, ಎತ್ತರ ನಿಂತು ತೂಕ ಮಾತ್ರ ಏರುವುದು, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ.

ಅತ್ತೆಯವರನ್ನು ದೂರ ಇಟ್ಟು ಇದು ಆಗುವ ಕೆಲಸವಲ್ಲ. ಮೊದಲ ವಿಡಿಯೊ ಕಾಲ್‌ಗೇ ಅವರನ್ನು ಕೂರಿಸಿ. ಸೊಸೆ ಹೇಳಿದರೆ ಮುನಿಸು, ಡಾಕ್ಟರು "ಅಜ್ಜಿ, ಮೊಮ್ಮಗನನ್ನು ಸಂಜೆ ವಾಕಿಂಗ್ ಕರೆದುಕೊಂಡು ಹೋಗುವ ಜವಾಬ್ದಾರಿ ನಿಮ್ಮದು" ಅಂದರೆ ಅದೇ ಅಜ್ಜಿ ಅವನನ್ನು ಎಬ್ಬಿಸಿಕೊಂಡು ಹೊರಡುತ್ತಾರೆ. ಅವರು ಪ್ರೀತಿಯಿಂದ ಕಲಸಿಕೊಡುವ "ಹೆಲ್ತ್ ಡ್ರಿಂಕ್" ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ ತೋರಿಸಿ. ಆ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಮಾರಾಟದವರಿಗೆ ಹೇಳಿದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 14. ಕೊರೊನಾ ಸಮಯದಿಂದ ಇಲ್ಲಿಯ ಡಾಕ್ಟರ ಕಾರ್ಯಕ್ರಮ ವಿಡಿಯೊದಲ್ಲೇ ನಡೆಯುತ್ತಿದೆ. ಅವಳು ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೂರುತ್ತಾಳೆ. ಬೈದರೆ ಊಟ ಬಿಡುತ್ತಾಳೆ. (ಓದುಗರು)

ಉತ್ತರ: ಕ್ಯಾಮೆರಾ ಆಫ್ ಇರಲಿ ಬಿಡಿ. ಹದಿನಾಲ್ಕು ವರ್ಷದ ಹುಡುಗಿಗೆ ತನ್ನ ಮುಖವನ್ನೇ ಸ್ಕ್ರೀನ್‌ನಲ್ಲಿ ನೋಡುತ್ತಾ ತೂಕದ ಮಾತು ಕೇಳುವುದು ಹಿಂಸೆ. ಅವಳಿಗೇ ಬೇರೆ ಸಮಯ, ನಿಮಗೇ ಬೇರೆ ಸಮಯ ಕೊಡಿ ಅಂತ ತಂಡವನ್ನು ಕೇಳಿ. ಈ ವಯಸ್ಸಿನವರಿಗೆ ಅದು ವಾಡಿಕೆಯೇ.

ಇನ್ನೊಂದು. ಭಾನುವಾರ ಊರಿಗೆ ವಿಡಿಯೊ ಕಾಲ್ ಮಾಡಿದಾಗ ಅತ್ತೆ, ಚಿಕ್ಕಮ್ಮ ಎಲ್ಲ ಸೇರಿ "ಏನೇ, ಎಷ್ಟು ದಪ್ಪ ಆಗಿದ್ದೀಯ!" ಅಂತಾರಾ? ಅಂದರೆ ಅವರಿಗೆ ನೀವೇ ಬೇರೆಯಾಗಿ ಫೋನ್ ಮಾಡಿ ಹೇಳಿ, ಅವಳ ಮೈ ಬಗ್ಗೆ ಮಾತು ಬೇಡ ಅಂತ. ಮನೆಯಲ್ಲೂ ತೂಕದ ಮಾತು ನಿಲ್ಲಿಸಿ. ರಾತ್ರಿ ಎಲ್ಲರೂ ಒಟ್ಟಿಗೆ ಊಟ, ಊಟದ ಹೊತ್ತಲ್ಲಿ ಯಾರ ಕೈಯಲ್ಲೂ ಫೋನ್ ಇಲ್ಲ. ಈ "ಯಾರ" ಅನ್ನುವುದರಲ್ಲಿ ಅಪ್ಪನೂ ಸೇರಿದ್ದಾರೆ.

ಊಟ ಬಿಡುವುದನ್ನು ಮಾತ್ರ ಹಗುರವಾಗಿ ನೋಡಬೇಡಿ. ಕದ್ದು ತಿನ್ನುವುದು, ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗುವುದು, ಮುಟ್ಟು ನಿಲ್ಲುವುದು ಕಂಡರೆ ತೂಕದ ಕಾರ್ಯಕ್ರಮ ಬದಿಗಿಟ್ಟು ಅವಳ ಡಾಕ್ಟರಿಗೆ ಅದೇ ದಿನ ತಿಳಿಸಿ.

ಪ್ರಶ್ನೆ: ಹುಬ್ಬಳ್ಳಿ ಹತ್ತಿರದ ಹಳ್ಳಿ ನಮ್ಮದು. ಅಂಥ ಕಾರ್ಯಕ್ರಮಕ್ಕೆ ದುಡ್ಡಿಲ್ಲ. ಎಂಟು ವರ್ಷದ ಮಗಳಿಗೆ ಮೊಬೈಲ್ ಆ್ಯಪ್ ಹಾಕಿ ಕ್ಯಾಲೊರಿ ಲೆಕ್ಕ ಇಡಬಹುದಾ? (ಓದುಗರು)

ಉತ್ತರ: ಆ್ಯಪ್ ಬೇಡ. ದೊಡ್ಡವರಿಗೆ ಮಾಡಿದ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಗೋಡೆಗೆ ಒಂದು ಕ್ಯಾಲೆಂಡರ್ ಸಾಕು. ದಿನಕ್ಕೆ ಒಂದು ಗಂಟೆ ಆಡಿದರೆ ಒಂದು ಟಿಕ್, ಸಿಹಿ ಪಾನೀಯ ಕುಡಿಯದ ದಿನ ಒಂದು ಟಿಕ್. ನಿಮ್ಮ ಹೆಸರಲ್ಲೂ ಒಂದು ಸಾಲು ಇರಲಿ, ನೀವೂ ನಡೆದ ದಿನ ಅವಳೇ ಟಿಕ್ ಹಾಕಲಿ. ಟಿಕ್ ತುಂಬಿದರೆ ಬಹುಮಾನ ಚಾಕೊಲೇಟ್ ಆಗಬಾರದು, ಸ್ಕಿಪ್ಪಿಂಗ್ ಹಗ್ಗವೋ ಚೆಂಡೋ ಕೊಡಿಸಿ. ಡಾಕ್ಟರ ಸಲಹೆ ಬೇಕಾದರೆ ಸರ್ಕಾರದ ಇ-ಸಂಜೀವಿನಿ ಇದೆ. ಮನೆಯಿಂದಲೇ ಡಾಕ್ಟರನ್ನು ಕಾಣುವ ಈ ಸೇವೆ 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಸಮಯದಲ್ಲೇ ಶುರುವಾಗಿದ್ದು, ದುಡ್ಡು ಕೊಡಬೇಕಿಲ್ಲ. ಮುಂಚೆ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಎತ್ತರ-ತೂಕ ಅಳೆಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.